ಆಂಬ್ಯುಲೆನ್ಸ್ ಬಿಲ್ ಓದುವುದು ಹೇಗೆ, ವಿಮೆಯಿಂದ ಆ ಹಣ ಪಡೆಯುವುದು ಹೇಗೆ

ಆಸ್ಪತ್ರೆಯ ಬಿಲ್ ಲಕ್ಷ ದಾಟಿದಾಗ ಆಂಬ್ಯುಲೆನ್ಸಿಗೆ ಕೊಟ್ಟ ನಾಲ್ಕೈದು ಸಾವಿರ ಯಾರ ನೆನಪಿಗೂ ಬರುವುದಿಲ್ಲ. ಚಾಲಕ ಕೊಟ್ಟ ಚೀಟಿ ಯಾರದೋ ಜೇಬಿನಲ್ಲಿ ಮುದುಡಿ ಹೋಗಿರುತ್ತದೆ. ಹದಿನೈದು ದಿನ ಬಿಟ್ಟು ಕ್ಲೇಮ್ ಫಾರಂ ತುಂಬುವ ಹೊತ್ತಿಗೆ ಹುಡುಕಿದರೆ ಸಿಗುವುದು ಕಷ್ಟ. ಸಿಕ್ಕರೂ ಅದರಲ್ಲಿ ರೋಗಿಯ ಹೆಸರೇ ಇರುವುದಿಲ್ಲ. ಬಹುತೇಕ ಆರೋಗ್ಯ ವಿಮಾ ಪಾಲಿಸಿಗಳಲ್ಲಿ ಈ ಹಣಕ್ಕೆ ಒಂದು ಸಾಲು ಇದ್ದೇ ಇದೆ. ಅದು ಕೈಗೆ ಬರಬೇಕಾದರೆ ಎರಡು ಸಂಗತಿ ಕೂಡಿಬರಬೇಕು: ರೋಗಿ ಆಸ್ಪತ್ರೆಯಲ್ಲಿ ದಾಖಲಾಗಿರಬೇಕು, ರಸೀದಿ ಅದೇ ದಿನ ಸರಿಯಾಗಿ ಬರೆಸಿಕೊಂಡಿದ್ದಿರಬೇಕು. ಮುಂದಿನದೆಲ್ಲ ಈ ಎರಡರ ಸುತ್ತಲೇ ಇದೆ.

ಒಂದು ಮಾತು ಮೊದಲೇ ಹೇಳಬೇಕು. ಎದೆನೋವು, ಪಾರ್ಶ್ವವಾಯು, ಅಪಘಾತ, ಉಸಿರಾಟದ ತೊಂದರೆ ಆದಾಗ ದರ ಕೇಳುತ್ತ ನಿಲ್ಲಬೇಡಿ. 108ಕ್ಕೆ ಕರೆ ಮಾಡಿ. ಕರ್ನಾಟಕದಲ್ಲಿ ಆರೋಗ್ಯ ಕವಚ ಎಂಬ ಹೆಸರಿನಲ್ಲಿ 2008ರಿಂದ ನಡೆಯುತ್ತಿರುವ ಈ ಸೇವೆ ಪೂರ್ತಿ ಉಚಿತ. ರಾಷ್ಟ್ರೀಯ ಹೆದ್ದಾರಿಯಲ್ಲಿ ಅಪಘಾತವಾದರೆ 1033, ಬೇರೆ ಯಾವ ತುರ್ತಿಗೂ 112. ಗರ್ಭಿಣಿಯರಿಗೆ ಮತ್ತು ನವಜಾತ ಶಿಶುಗಳಿಗೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಮನೆಯಿಂದ ಸರ್ಕಾರಿ ಆಸ್ಪತ್ರೆಗೆ, ಅಲ್ಲಿಂದ ಮೇಲಿನ ಆಸ್ಪತ್ರೆಗೆ, ಹೆರಿಗೆಯಾದ ಮೇಲೆ ಮತ್ತೆ ಮನೆಗೆ ಸಾಗಣೆ ಉಚಿತ. ಮನೆಗೆ ಬಿಡುವ ನಗು-ಮಗು ವಾಹನಗಳು ಇದಕ್ಕಾಗಿಯೇ ಇರುವುದು. ಈ ಸೇವೆಗಳಲ್ಲಿ ಬಿಲ್ ಎಂಬುದೇ ಇಲ್ಲ. ಡೀಸೆಲ್‌ಗೆ, ಕಾಫಿಗೆ ಎಂದು ಯಾರಾದರೂ ಹಣ ಕೇಳಿದರೆ ವಾಹನದ ಸಂಖ್ಯೆ ಮತ್ತು ಸಮಯ ಬರೆದಿಟ್ಟುಕೊಂಡು 104 ಆರೋಗ್ಯವಾಣಿಗೆ ದೂರು ಕೊಡಿ.

ದರ ಕೇಳುವುದಕ್ಕೆ ಸಮಯ ಸಿಗುವುದು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸ್ಥಳಾಂತರಿಸುವಾಗ. ದೊಡ್ಡ ಬಿಲ್‌ಗಳು ಹುಟ್ಟುವುದೂ ಅಲ್ಲಿಯೇ.

ಯಾವ ವಾಹನಕ್ಕೆ ಹಣ ಕೊಡುತ್ತಿದ್ದೀರಿ

ಭಾರತದ ವಾಹನ ಮಾನದಂಡ ಎಐಎಸ್-125 ಆಂಬ್ಯುಲೆನ್ಸ್‌ಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಎ ಎಂದರೆ ಮೊದಲು ತಲುಪಿ ಪ್ರಥಮ ಚಿಕಿತ್ಸೆ ಕೊಡುವ ವಾಹನ. ಬಿ ಎಂದರೆ ರೋಗಿಯನ್ನು ಮಲಗಿಸಿ ಸಾಗಿಸುವ ವಾಹನ ಅಷ್ಟೇ. ಸಿ ಬೇಸಿಕ್ ಲೈಫ್ ಸಪೋರ್ಟ್, ಡಿ ಅಡ್ವಾನ್ಸ್ಡ್ ಲೈಫ್ ಸಪೋರ್ಟ್. ಬಿಲ್‌ನಲ್ಲಿ ಬಿಎಲ್ಎಸ್, ಎಎಲ್ಎಸ್ ಎಂದು ಕಾಣುವುದು ಕೊನೆಯ ಎರಡನ್ನೇ. ಎಎಲ್ಎಸ್ ಎಂದು ಬಿಲ್ ಹಾಕಿದ್ದರೆ ವಾಹನದಲ್ಲಿ ವೆಂಟಿಲೇಟರ್, ಮಾನಿಟರ್, ಡಿಫಿಬ್ರಿಲೇಟರ್ (ಹೃದಯ ಬಡಿತ ಸರಿಪಡಿಸಲು ವಿದ್ಯುತ್ ಆಘಾತ ಕೊಡುವ ಯಂತ್ರ) ಇದ್ದಿರಬೇಕು, ಅವನ್ನು ಬಳಸಬಲ್ಲ ಸಿಬ್ಬಂದಿ ರೋಗಿಯ ಪಕ್ಕದಲ್ಲಿ ಕೂತಿರಬೇಕು. ಚಾಲಕ ಒಬ್ಬನೇ ಬಂದು, ಹಿಂದೆ ಮನೆಯವರೇ ಆಮ್ಲಜನಕದ ಮಾಸ್ಕ್ ಹಿಡಿದು ಕೂತಿದ್ದರೆ ಅದು ಎಎಲ್ಎಸ್ ಸೇವೆ ಅಲ್ಲ, ಆ ದರವನ್ನು ಒಪ್ಪಬೇಕಾಗಿಲ್ಲ.

ಎಲ್ಲರಿಗೂ ಡಿ ವಾಹನ ಬೇಕಾಗುವುದಿಲ್ಲ. ಕಾಲು ಮುರಿದು ಪ್ರಜ್ಞೆ ಸರಿಯಿರುವ ರೋಗಿಗೆ ಬಿಎಲ್ಎಸ್ ಸಾಕಾಗಬಹುದು. ವೆಂಟಿಲೇಟರ್ ಮೇಲಿರುವವರಿಗೆ ಡಿ ಬಿಟ್ಟು ಬೇರೆ ಮಾತೇ ಇಲ್ಲ. ಕಳಿಸುತ್ತಿರುವ ವೈದ್ಯರನ್ನು ‘ಯಾವ ಮಟ್ಟದ ಆಂಬ್ಯುಲೆನ್ಸ್ ಬೇಕು’ ಎಂದು ಕೇಳಿ, ಅವರ ಉತ್ತರವನ್ನು ರೆಫರಲ್ ಪತ್ರದಲ್ಲೇ ಬರೆಸಿಕೊಳ್ಳಿ. ಮುಂದೆ ವಿಮಾ ಕಂಪನಿ ‘ಇಷ್ಟು ದುಬಾರಿ ವಾಹನ ಏಕೆ ಬೇಕಿತ್ತು’ ಎಂದು ಕೇಳಿದರೆ ಆ ಒಂದು ಸಾಲೇ ಉತ್ತರ.

ಬಿಲ್‌ನ ಒಳಗೆ

ಒಂದು ಬಿಲ್ ತೆಗೆದುಕೊಳ್ಳೋಣ. ದರಗಳು ಲೆಕ್ಕ ತಿಳಿಯಲೆಂದು ಹಾಕಿದವು. ನರ್ಸಿಂಗ್ ಹೋಮಿನಿಂದ 18 ಕಿ.ಮೀ. ದೂರದ ಆಸ್ಪತ್ರೆಗೆ ರೋಗಿಯನ್ನು ಒಯ್ದಿದ್ದಾರೆ.

ಕನಿಷ್ಠ ದರ, ಮೊದಲ 10 ಕಿ.ಮೀ.ಗೆ: 1,500 ರೂ.
ಹೆಚ್ಚುವರಿ 42 ಕಿ.ಮೀ., ಕಿ.ಮೀ.ಗೆ 30ರಂತೆ: 1,260 ರೂ.
ಆಮ್ಲಜನಕ: 800 ರೂ.
ನರ್ಸ್: 1,000 ರೂ.
ಟೋಲ್: 90 ರೂ.
ಸ್ವಚ್ಛತೆ: 300 ರೂ.
ಒಟ್ಟು: 4,950 ರೂ.

ದಾರಿ 18 ಕಿ.ಮೀ., ಬಿಲ್ 52 ಕಿ.ಮೀ.ಗೆ. ಚಾಲಕ ಮೋಸ ಮಾಡಿದ ಎಂದು ಜಗಳಕ್ಕೆ ನಿಲ್ಲುವ ಮೊದಲು ಲೆಕ್ಕ ಬಿಡಿಸಿ ನೋಡಿ. ವಾಹನ ತನ್ನ ಸ್ಟ್ಯಾಂಡಿನಿಂದ ನರ್ಸಿಂಗ್ ಹೋಮಿಗೆ ಬಂದದ್ದು 8 ಕಿ.ಮೀ., ರೋಗಿಯೊಂದಿಗೆ 18, ಖಾಲಿ ವಾಪಸ್ ಹೋದದ್ದು 26. ಕೂಡಿದರೆ 52. ಖಾಸಗಿ ಆಂಬ್ಯುಲೆನ್ಸ್‌ಗಳಲ್ಲಿ ಹೀಗೆ ಅಪ್-ಅಂಡ್-ಡೌನ್ ಲೆಕ್ಕ ಹಾಕುವುದು ರೂಢಿ. ವಾಹನ ಹತ್ತುವ ಮೊದಲೇ ‘ಕಿ.ಮೀ. ಎಲ್ಲಿಂದ ಎಲ್ಲಿಗೆ ಎಣಿಸುತ್ತೀರಿ, ವಾಪಸ್ ದಾರಿ ಸೇರುತ್ತದೆಯೇ’ ಎಂಬ ಪ್ರಶ್ನೆ ಕೇಳಿದ್ದರೆ ಇಲ್ಲಿ 1,020 ರೂಪಾಯಿಯ ವ್ಯತ್ಯಾಸ ಮೊದಲೇ ಗೊತ್ತಾಗುತ್ತಿತ್ತು. ಆಮೇಲೆ ಕೇಳಿದರೆ ಅದು ಬರೀ ವಾದ.

ಆಮ್ಲಜನಕದ ಸಾಲನ್ನು ನೀವೇ ಅಳೆಯಬಹುದು. ಆಂಬ್ಯುಲೆನ್ಸಿನಲ್ಲಿ ಸಾಮಾನ್ಯವಾಗಿ ಕಾಣುವ ಬಿ-ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಅನಿಲ ಇರುತ್ತದೆ; ಆಳೆತ್ತರದ ಡಿ-ಟೈಪ್‌ನಲ್ಲಿ ಸುಮಾರು 7,000 ಲೀಟರ್. ಹರಿವನ್ನು ಅಳೆಯುವ ಫ್ಲೋಮೀಟರಿನ ಗುಂಡು ಎಷ್ಟರಲ್ಲಿ ನಿಂತಿದೆ ಎಂದು ನೋಡಿಕೊಳ್ಳಿ. ನಿಮಿಷಕ್ಕೆ 5 ಲೀಟರಿನಂತೆ 40 ನಿಮಿಷ ಕೊಟ್ಟರೆ ಖರ್ಚಾಗುವುದು 200 ಲೀಟರ್, ಅಂದರೆ ಬಿ-ಟೈಪ್ ಸಿಲಿಂಡರಿನ ಸುಮಾರು ಏಳರಲ್ಲೊಂದು ಭಾಗ. ಇಡೀ ಸಿಲಿಂಡರಿನ ಬೆಲೆ ಬಿಲ್‌ಗೆ ಬಂದಿದ್ದರೆ ಈ ಲೆಕ್ಕ ಹಿಡಿದು ಕೇಳಬಹುದು. ವೆಂಟಿಲೇಟರ್ ಮೇಲಿರುವ ರೋಗಿಯ ದೂರದ ಪ್ರಯಾಣದಲ್ಲಿ ಇದು ಹಣಕ್ಕಿಂತ ದೊಡ್ಡ ಪ್ರಶ್ನೆ: ಹೊರಡುವ ಮೊದಲು ಎಷ್ಟು ಸಿಲಿಂಡರ್ ಇದೆ, ಗೇಜ್ ಎಷ್ಟು ತೋರಿಸುತ್ತಿದೆ, ದಾರಿಯಲ್ಲಿ ಟ್ರಾಫಿಕ್ ಸಿಕ್ಕಿದರೂ ಸಾಲುತ್ತದೆಯೇ ಎಂದು ಕೇಳಲೇಬೇಕು.

ಟೋಲ್: ರಾಷ್ಟ್ರೀಯ ಹೆದ್ದಾರಿಯ ಟೋಲ್ ಪ್ಲಾಜಾಗಳಲ್ಲಿ ಆಂಬ್ಯುಲೆನ್ಸ್‌ಗೆ ಶುಲ್ಕ ವಿನಾಯಿತಿ ಇದೆ. ಆ ಸಾಲಿಗೆ ಟೋಲ್ ರಸೀದಿ ಕೇಳಿ. ರಸೀದಿ ಇಲ್ಲದಿದ್ದರೆ ಸಾಲು ತೆಗೆಸಿ. ಜಿಎಸ್‌ಟಿಯೂ ಹಾಗೆಯೇ. ರೋಗಿಯನ್ನು ಆಂಬ್ಯುಲೆನ್ಸಿನಲ್ಲಿ ಸಾಗಿಸುವ ಸೇವೆಗೆ 2017ರಿಂದ ಜಿಎಸ್‌ಟಿ ವಿನಾಯಿತಿ ಇದೆ. ಬಿಲ್‌ನ ಕೊನೆಯಲ್ಲಿ 5 ಅಥವಾ 18 ಶೇಕಡಾ ತೆರಿಗೆ ಕಂಡರೆ ಬಿಲ್ ಬದಲಿಸಿಕೊಡಲು ಹೇಳಿ.

ಕಾಯುವ ಶುಲ್ಕದ ಬಗ್ಗೆ ಎಚ್ಚರ ಬೇಕು. ಸ್ಥಳಾಂತರದ ದಿನ ಹಳೆಯ ಆಸ್ಪತ್ರೆಯಲ್ಲಿ ಬಿಲ್ ಪಾವತಿ, ಫೈಲ್, ಸ್ಕ್ಯಾನ್ ಸಿಡಿ ಎಂದು ಒಂದೂವರೆ ಗಂಟೆ ಸುಲಭವಾಗಿ ಹೋಗುತ್ತದೆ, ಆ ಹೊತ್ತೆಲ್ಲ ವಾಹನದ ಮೀಟರ್ ಓಡುತ್ತಿರುತ್ತದೆ. ರೋಗಿಯ ಸ್ಥಿತಿ ತಡೆಯುವಂತಿದ್ದರೆ ಮೊದಲು ಡಿಸ್ಚಾರ್ಜ್ ಕಾಗದ ಮುಗಿಸಿ, ಹೊಸ ಆಸ್ಪತ್ರೆಯಲ್ಲಿ ಹಾಸಿಗೆ ಖಚಿತ ಮಾಡಿಕೊಂಡು, ಆಮೇಲೆ ವಾಹನ ಕರೆಸಿ.

ಪಾಲಿಸಿಯಲ್ಲಿ ಏನು ಹುಡುಕಬೇಕು

ಪಾಲಿಸಿ ಪುಸ್ತಕದಲ್ಲಿ ‘ರೋಡ್ ಆಂಬ್ಯುಲೆನ್ಸ್’ ಎಂಬ ಷರತ್ತು ಹುಡುಕಿ. ಅದರಲ್ಲಿ ನೋಡಬೇಕಾದ್ದು ಮಿತಿ ಎಷ್ಟು, ಆ ಮಿತಿ ಪ್ರತಿ ದಾಖಲಾತಿಗೋ ಇಡೀ ವರ್ಷಕ್ಕೋ ಎಂಬುದು. ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರುವ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ಪ್ರತಿ ದಾಖಲಾತಿಗೆ ಗರಿಷ್ಠ 2,000 ರೂ. ಸಿಗುತ್ತದೆ, ಜೊತೆಗೆ ಪ್ರತಿ ಕ್ಲೇಮಿನಲ್ಲೂ 5 ಶೇಕಡಾ ಕೋ-ಪೇ, ಅಂದರೆ ನೀವೇ ಭರಿಸಬೇಕಾದ ಪಾಲು, ಇದೆ. ಮೇಲಿನ 4,950ರ ಬಿಲ್ ಈ ಪಾಲಿಸಿಗೆ ಹೋದರೆ 2,000ಕ್ಕೆ ಇಳಿಯುತ್ತದೆ, ಅದರಲ್ಲಿ 100 ಕಳೆದು ಕೈಗೆ ಬರುವುದು 1,900. ಕೆಲವು ಪಾಲಿಸಿಗಳು ಆದ ಖರ್ಚನ್ನೆಲ್ಲ ವಿಮಾ ಮೊತ್ತದೊಳಗೆ ಕೊಡುತ್ತವೆ. ಕಂಪನಿಯ ಗುಂಪು ವಿಮೆ ಇದ್ದರೆ ಮಿತಿ ಉದ್ಯೋಗದಾತರು ಮಾಡಿಕೊಂಡ ಒಪ್ಪಂದದ ಮೇಲೆ ನಿಂತಿರುತ್ತದೆ. ಎಚ್‌ಆರ್ ವಿಭಾಗದಿಂದ ಆ ಪುಟವನ್ನು ಈಗಲೇ ತರಿಸಿಟ್ಟುಕೊಳ್ಳಿ.

ವಿಮಾ ನಿಯಂತ್ರಕ ಐಆರ್‌ಡಿಎಐ 68 ವಸ್ತುಗಳ ಒಂದು ಪಟ್ಟಿ ಕೊಟ್ಟಿದೆ. ಪಾಲಿಸಿಯಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಇವಕ್ಕೆ ಹಣ ಸಿಗದು. ಕೈಗವಸು, ಮಾಸ್ಕ್, ಆಕ್ಸಿಜನ್ ಮಾಸ್ಕ್, ಇಸಿಜಿ ಎಲೆಕ್ಟ್ರೋಡ್, ಸರ್ವೈಕಲ್ ಕಾಲರ್, ಸ್ಪ್ಲಿಂಟ್, ಆಂಬ್ಯುಲೆನ್ಸ್ ಕಾಲರ್, ಆಂಬ್ಯುಲೆನ್ಸ್ ಸಲಕರಣೆ, ಆಸ್ಪತ್ರೆಯ ಹೊರಗೆ ಬಳಸುವ ಆಮ್ಲಜನಕ ಸಿಲಿಂಡರ್, ವಿವರ ಬರೆಯದ ಯಾವುದೇ ಕಿಟ್ ಇವೆಲ್ಲ ಅದರಲ್ಲಿವೆ. ಆಂಬ್ಯುಲೆನ್ಸ್ ಎಂಬ ಹೆಸರೂ ಇದೆ. ಆದ್ದರಿಂದ ಆಂಬ್ಯುಲೆನ್ಸ್ ಷರತ್ತೇ ಇಲ್ಲದ ಪಾಲಿಸಿಯಲ್ಲಿ, ಶುಲ್ಕವನ್ನು ಆಸ್ಪತ್ರೆ ತನ್ನ ಬಿಲ್‌ಗೆ ಸೇರಿಸಿದರೂ ಅದು ಕಡಿತವಾಗುತ್ತದೆ. ಷರತ್ತು ಇದ್ದರೂ ಬಿಡಿಬಿಡಿಯಾಗಿ ಬರೆದ ಸಲಕರಣೆ, ಆಮ್ಲಜನಕದ ಸಾಲುಗಳನ್ನು ಈ ಪಟ್ಟಿ ಹಿಡಿದು ಕತ್ತರಿಸಬಹುದು.

ಮಿತಿ 2,000 ಇರುವ ಪಾಲಿಸಿಯಲ್ಲಿ ಈ ಕಡಿತಗಳಿಗಾಗಿ ಹೋರಾಡಿ ಪ್ರಯೋಜನವಿಲ್ಲ. ನಮ್ಮ ಉದಾಹರಣೆಯಲ್ಲಿ ಕನಿಷ್ಠ ದರ ಮತ್ತು ಕಿ.ಮೀ. ಸೇರಿಯೇ 2,760 ಆಗಿ ಮಿತಿ ದಾಟಿದೆ, ಉಳಿದದ್ದು ಕತ್ತರಿಸಿದರೂ ಬಿಟ್ಟರೂ ಬರುವ ಹಣ ಅಷ್ಟೇ. ಪೂರ್ತಿ ಖರ್ಚು ಕೊಡುವ ಪಾಲಿಸಿ ಇದ್ದವರಿಗೆ ಮಾತ್ರ ಒಂದೊಂದು ಸಾಲೂ ಮುಖ್ಯ. ಈ 68 ವಸ್ತುಗಳಿಗೆ ಕನ್ಸ್ಯೂಮಬಲ್ಸ್ ರೈಡರ್ (ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ರಕ್ಷಣೆ) ತೆಗೆದುಕೊಂಡಿದ್ದರೆ ಅದನ್ನೂ ಉಲ್ಲೇಖಿಸಿ.

ಹಣ ಬರುವ ಪ್ರಯಾಣ, ಬಾರದ ಪ್ರಯಾಣ

ಆಂಬ್ಯುಲೆನ್ಸ್ ಕ್ಲೇಮ್ ತನ್ನ ಕಾಲ ಮೇಲೆ ತಾನು ನಿಲ್ಲುವುದಿಲ್ಲ. ಆಸ್ಪತ್ರೆಯ ದಾಖಲಾತಿಯ ಕ್ಲೇಮ್ ಒಪ್ಪಿಗೆಯಾದರೆ ಇದೂ ಬರುತ್ತದೆ, ಅದು ಬಿದ್ದರೆ ಇದೂ ಬೀಳುತ್ತದೆ. ಪಾಲಿಸಿ ಕೊಂಡ ಮೊದಲ 30 ದಿನದಲ್ಲಿ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಸೇರಿದ್ದರೆ, ಅಥವಾ ಮೊದಲೇ ಇದ್ದ ಕಾಯಿಲೆಯ ಕಾಯುವ ಅವಧಿ ಮುಗಿಯದಿದ್ದರೆ ಆಂಬ್ಯುಲೆನ್ಸ್ ರಸೀದಿ ಎಷ್ಟು ಚೆನ್ನಾಗಿದ್ದರೂ ಕೆಲಸಕ್ಕೆ ಬಾರದು.

ಸಾಮಾನ್ಯವಾಗಿ ಒಪ್ಪುವುದು ತುರ್ತು ಆದ ಜಾಗದಿಂದ ಆಸ್ಪತ್ರೆಗೆ, ಸೌಲಭ್ಯವಿಲ್ಲದ ಆಸ್ಪತ್ರೆಯಿಂದ ಸೌಲಭ್ಯವಿರುವ ಆಸ್ಪತ್ರೆಗೆ ಮಾಡಿದ ಪ್ರಯಾಣವನ್ನು. ದಾಖಲಾಗಿರುವಾಗ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋಗಿ ಬಂದದ್ದನ್ನು ಕೆಲವು ಪಾಲಿಸಿಗಳು ಒಪ್ಪುತ್ತವೆ. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಪ್ರಯಾಣ ಬಹಳಷ್ಟು ಪಾಲಿಸಿಗಳಲ್ಲಿ ಇಲ್ಲ. ಡಯಾಲಿಸಿಸ್‌ಗೆ, ಕೀಮೋಥೆರಪಿಗೆ ದಿನ ನಿಗದಿ ಮಾಡಿಕೊಂಡು ಹೋಗುವ ಪ್ರಯಾಣ ತುರ್ತಲ್ಲ ಎಂದು ಬಿಟ್ಟುಬಿಡುತ್ತಾರೆ. ತುರ್ತು ವಿಭಾಗದಲ್ಲಿ ಎರಡು ಗಂಟೆ ಇಟ್ಟು ಮನೆಗೆ ಕಳಿಸಿದ್ದರೆ ದಾಖಲಾತಿಯೇ ಇಲ್ಲ, ಹಾಗಾಗಿ ಹಣವೂ ಇಲ್ಲ. ಹೇಳಲು ಸಂಕಟವಾಗುವ ಸಂಗತಿಯೂ ಒಂದಿದೆ: ದಾರಿಯಲ್ಲೇ ಜೀವ ಹೋಗಿ ಆಸ್ಪತ್ರೆಯಲ್ಲಿ ದಾಖಲು ಮಾಡಿಕೊಳ್ಳದಿದ್ದರೆ ಹೆಚ್ಚಿನ ಪಾಲಿಸಿಗಳು ಆಂಬ್ಯುಲೆನ್ಸ್ ಹಣ ಕೊಡುವುದಿಲ್ಲ, ಪಾರ್ಥಿವ ಶರೀರ ಸಾಗಿಸಿದ ವಾಹನದ ಖರ್ಚನ್ನೂ ಕೊಡುವುದಿಲ್ಲ.

ಸ್ಥಳಾಂತರದಲ್ಲಿ ಕ್ಲೇಮ್ ಕೆಡುವುದು ಮೂರು ನಾಲ್ಕು ಪದಗಳಿಂದ. ಡಿಸ್ಚಾರ್ಜ್ ಸಾರಾಂಶದಲ್ಲಿ ‘ರೋಗಿಯ ಕೋರಿಕೆಯ ಮೇರೆಗೆ’ ಅಥವಾ ‘ವೈದ್ಯರ ಸಲಹೆಗೆ ವಿರುದ್ಧವಾಗಿ’ ಎಂದು ಬಿದ್ದರೆ, ಬೇರೆ ಆಸ್ಪತ್ರೆಗೆ ಹೋಗುವ ವೈದ್ಯಕೀಯ ಅಗತ್ಯವೇ ಇರಲಿಲ್ಲ ಎಂದು ವಿಮಾ ಕಂಪನಿ ಓದಿಕೊಳ್ಳುತ್ತದೆ. ನಿಜವಾದ ಕಾರಣ ಐಸಿಯು ಹಾಸಿಗೆ ಇಲ್ಲದ್ದೋ, ಹೃದಯದ ರಕ್ತನಾಳಗಳಿಗೆ ಚಿಕಿತ್ಸೆ ಕೊಡುವ ಕ್ಯಾಥ್ ಲ್ಯಾಬ್ ಇಲ್ಲದ್ದೋ, ನರರೋಗ ಶಸ್ತ್ರಚಿಕಿತ್ಸಕರು ಇಲ್ಲದ್ದೋ ಆಗಿದ್ದರೆ ಅದನ್ನೇ ಬರೆಯುವಂತೆ ಕರ್ತವ್ಯದ ವೈದ್ಯರನ್ನು ಕೇಳಿ. ಕಾಗದ ಕೈಗೆ ಬಂದ ಕೂಡಲೇ, ಕೌಂಟರ್ ಬಿಡುವ ಮೊದಲು ಈ ಒಂದು ಸಾಲು ಓದಿ. ಮಾರನೆಯ ದಿನ ಹೋಗಿ ತಿದ್ದಿಸುವುದು ಬಹಳ ಕಷ್ಟ, ತಿದ್ದಿಸಿದರೂ ಅನುಮಾನ ಉಳಿಯುತ್ತದೆ.

ಏರ್ ಆಂಬ್ಯುಲೆನ್ಸ್‌ಗೆ ಬೇರೆಯೇ ಷರತ್ತು, ಬೇರೆಯೇ ಮಿತಿ. ರಸ್ತೆಯಲ್ಲಿ ಸಾಗಿಸಿದರೆ ಜೀವಕ್ಕೆ ಅಪಾಯ ಎಂಬ ವೈದ್ಯರ ಪ್ರಮಾಣಪತ್ರವನ್ನು ಸಾಮಾನ್ಯವಾಗಿ ಕೇಳುತ್ತಾರೆ. ಲಕ್ಷಾಂತರ ರೂಪಾಯಿಯ ವಿಷಯವಾದ್ದರಿಂದ ಮುಂಗಡ ಕೊಡುವ ಮೊದಲೇ ವಿಮಾ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ, ಒಪ್ಪಿಗೆಯನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ರಸೀದಿ ಬರೆಸಿಕೊಳ್ಳುವಾಗ

‘ಆಂಬ್ಯುಲೆನ್ಸ್ – 4,950’ ಎಂದಷ್ಟೇ ಗೀಚಿದ ಚೀಟಿ ಸಾಲದು. ರಸೀದಿಯಲ್ಲಿ ಸೇವೆ ಕೊಟ್ಟವರ ಹೆಸರು, ವಿಳಾಸ, ಬಿಲ್ ಸಂಖ್ಯೆ, ರೋಗಿಯ ಹೆಸರು, ದಿನಾಂಕ ಮತ್ತು ಸಮಯ, ಹತ್ತಿಸಿದ ಜಾಗ, ಇಳಿಸಿದ ಆಸ್ಪತ್ರೆ, ವಾಹನದ ನೋಂದಣಿ ಸಂಖ್ಯೆ, ವಾಹನದ ಬಗೆ, ಕಿ.ಮೀ., ಮೊತ್ತ, ಸಹಿ, ಮೊಹರು ಇರಬೇಕು. ರೋಗಿಯ ಹೆಸರು ಆಧಾರ್ ಮತ್ತು ಪಾಲಿಸಿಯಲ್ಲಿ ಇರುವಂತೆಯೇ ಬರಲಿ. ಚಾಲಕ ಕೇಳಿದಾಗ ಜೊತೆಗಿದ್ದ ಮಗನೋ ಅಳಿಯನೋ ತನ್ನ ಹೆಸರು ಹೇಳಿಬಿಡುವುದು ಪದೇ ಪದೇ ಆಗುವ ತಪ್ಪು. ರಾತ್ರಿ 11:40ಕ್ಕೆ ಮನೆಯಿಂದ ಹೊರಟು 12:20ಕ್ಕೆ ದಾಖಲಾದರೆ ರಸೀದಿಯ ದಿನಾಂಕಕ್ಕೂ ದಾಖಲಾತಿಯ ದಿನಾಂಕಕ್ಕೂ ಒಂದು ದಿನ ವ್ಯತ್ಯಾಸ ಬರುತ್ತದೆ. ಸಮಯ ಬರೆದಿದ್ದರೆ ಅದು ತಾನಾಗಿಯೇ ಅರ್ಥವಾಗುತ್ತದೆ, ಬರೆಯದಿದ್ದರೆ ಪ್ರಶ್ನೆ ಏಳುತ್ತದೆ. ಮೊತ್ತದ ಮೇಲೆ ತಿದ್ದಿ ಬರೆದ ರಸೀದಿ ತೆಗೆದುಕೊಳ್ಳಬೇಡಿ, ಹೊಸದು ಬರೆಸಿ.

ಹಣವನ್ನು ಯುಪಿಐ ಮೂಲಕ ಕೊಡಿ. ಚಾಲಕನ ಸ್ವಂತ ಸಂಖ್ಯೆಗೆ ಹಾಕಬೇಕಾಗಿ ಬಂದರೆ ವಹಿವಾಟಿನ ಸಂಖ್ಯೆಯನ್ನು ರಸೀದಿಯ ಮೇಲೆಯೇ ಬರೆಸಿ. ಅನೇಕ ಪಾಲಿಸಿಗಳು ನೋಂದಾಯಿತ ಆಂಬ್ಯುಲೆನ್ಸ್ ಎಂದೇ ಹೇಳುತ್ತವೆ. ಎಂ-ಪರಿವಾಹನ್ ಆ್ಯಪ್‌ನಲ್ಲಿ ವಾಹನದ ಸಂಖ್ಯೆ ಹಾಕಿದರೆ ಅದು ಆಂಬ್ಯುಲೆನ್ಸ್ ವರ್ಗದಲ್ಲಿ ನೋಂದಣಿಯಾಗಿದೆಯೇ ಎಂದು ತಿಳಿಯುತ್ತದೆ. ಸೀಟು ಬಿಚ್ಚಿ, ಮೇಲೆ ದೀಪ ಇಟ್ಟ ಸಾಮಾನ್ಯ ವ್ಯಾನಿನ ರಸೀದಿ ತಿರಸ್ಕೃತವಾಗುವುದು ಇದೇ ಕಾರಣಕ್ಕೆ. ರಸೀದಿ ಸಿಕ್ಕ ಕೂಡಲೇ ಫೋಟೋ ತೆಗೆದು ಮನೆಯ ಇನ್ನೊಬ್ಬರಿಗೆ ಕಳಿಸಿ, ಥರ್ಮಲ್ ಕಾಗದದ ಮುದ್ರಣ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ.

ಕ್ಲೇಮ್ ಹಾಕುವುದು

ಆಸ್ಪತ್ರೆಯದೇ ಆಂಬ್ಯುಲೆನ್ಸ್ ಆಗಿದ್ದರೆ ಅದನ್ನು ಕ್ಯಾಶ್‌ಲೆಸ್ (ವಿಮಾ ಕಂಪನಿ ನೇರವಾಗಿ ಆಸ್ಪತ್ರೆಗೆ ಹಣ ಕೊಡುವ) ಬಿಲ್‌ಗೆ ಸೇರಿಸಲು ಡಿಸ್ಚಾರ್ಜಿನ ಹಿಂದಿನ ದಿನವೇ ವಿಮಾ ಡೆಸ್ಕ್‌ಗೆ ಹೇಳಿ. ಅಂತಿಮ ಬಿಲ್ ಹೋದ ಮೇಲೆ ವಿಮಾ ಕಂಪನಿ 3 ಗಂಟೆಯೊಳಗೆ ಒಪ್ಪಿಗೆ ಕೊಡಬೇಕೆಂಬುದು 2024ರ ಐಆರ್‌ಡಿಎಐ ನಿಯಮ. ಆ ಹೊತ್ತಿನಲ್ಲಿ ಹೊಸ ಸಾಲು ಸೇರಿಸಲು ಹೋದರೆ ಎಲ್ಲ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಹೊರಗಿನ ಖಾಸಗಿ ಆಂಬ್ಯುಲೆನ್ಸ್ ಆಗಿದ್ದರೆ ನೀವೇ ಹಣ ಕೊಟ್ಟು ಆಮೇಲೆ ಮರುಪಾವತಿ ಕೇಳಬೇಕು. ದಾಖಲಾತಿ ಕ್ಯಾಶ್‌ಲೆಸ್ ಆಗಿದ್ದರೂ ಇದಕ್ಕೆ ಅಡ್ಡಿಯಿಲ್ಲ, ಕ್ಯಾಶ್‌ಲೆಸ್ ಕ್ಲೇಮ್ ಸಂಖ್ಯೆಯನ್ನು ಬರೆದು ಪ್ರತ್ಯೇಕ ಫಾರಂ ಹಾಕಿ. ಕ್ಲೇಮ್ ಫಾರಂನ ಪಾರ್ಟ್ ಎ ನಲ್ಲಿ ಆಂಬ್ಯುಲೆನ್ಸ್ ಶುಲ್ಕಕ್ಕೆಂದೇ ಒಂದು ಸಾಲಿದೆ. ಮೊತ್ತವನ್ನು ಅಲ್ಲಿಯೇ ಬರೆಯಿರಿ. ದಾಖಲಾತಿಯ ಮುಂಚಿನ ಖರ್ಚು ಎಂಬ ಸಾಲಿಗೆ ಸೇರಿಸಿದರೆ ಅದು ಬೇರೆ ಮಿತಿಯ ಕೆಳಗೆ ಹೋಗಿ ಗೊಂದಲವಾಗುತ್ತದೆ. ಜೊತೆಗೆ ಮೂಲ ರಸೀದಿ, ಡಿಸ್ಚಾರ್ಜ್ ಸಾರಾಂಶ, ಸ್ಥಳಾಂತರವಾಗಿದ್ದರೆ ರೆಫರಲ್ ಪತ್ರ, ಪಾವತಿಯ ದಾಖಲೆ, ರದ್ದುಪಡಿಸಿದ ಚೆಕ್ ಇಡಿ. ಗಡುವು ಪಾಲಿಸಿಯಲ್ಲಿರುತ್ತದೆ, ಆರೋಗ್ಯ ಸಂಜೀವನಿಯಲ್ಲಿ ತುರ್ತು ದಾಖಲಾತಿಯ ಸುದ್ದಿ 24 ಗಂಟೆಯೊಳಗೆ, ಕಾಗದಗಳು ಡಿಸ್ಚಾರ್ಜ್ ಆದ 30 ದಿನದೊಳಗೆ.

ಎರಡು ಪಾಲಿಸಿ ಇದ್ದರೆ ಮೊದಲನೆಯದರ ಮಿತಿ ಮೀರಿದ ಹಣವನ್ನು ಎರಡನೆಯದರಲ್ಲಿ ಕೇಳಬಹುದು. ಮೊದಲ ಕಂಪನಿಯ ಇತ್ಯರ್ಥ ಪತ್ರ ಮತ್ತು ಅವರು ದೃಢೀಕರಿಸಿದ ರಸೀದಿ ಪ್ರತಿ ಬೇಕಾಗುತ್ತದೆ, ಮೂಲ ರಸೀದಿ ಅವರ ಬಳಿ ಉಳಿದಿರುತ್ತದೆ. ರಸ್ತೆ ಅಪಘಾತದ ಪ್ರಕರಣಗಳಲ್ಲೂ ಹೀಗೆಯೇ: ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳುವಾಗ ಸಾಗಣೆ ವೆಚ್ಚ ಒಂದು ಬಾಬ್ತು, ಆದ್ದರಿಂದ ವಿಮಾ ಕಂಪನಿಗೆ ಕೊಡುವ ಮೊದಲೇ ಎಲ್ಲ ರಸೀದಿಗಳ ಪ್ರತಿ ಮಾಡಿಸಿಟ್ಟುಕೊಳ್ಳಿ.

ಕಡಿತ ಮಾಡಿದರೆ

ಇತ್ಯರ್ಥ ಪತ್ರದಲ್ಲಿ ಕತ್ತರಿಸಿದ ಪ್ರತಿ ಮೊತ್ತದ ಎದುರು ಕಾರಣ ಇರುತ್ತದೆ. ಕ್ಲೇಮ್ ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಕಂಪನಿ ಹೇಳಲೇಬೇಕು. ‘ನಿಯಮದ ಪ್ರಕಾರ ಬರುವುದಿಲ್ಲ’ ಎಂಬ ಫೋನ್ ಉತ್ತರಕ್ಕೆ ಸುಮ್ಮನಾಗಬೇಡಿ, ಷರತ್ತಿನ ಸಂಖ್ಯೆಯನ್ನು ಬರಹದಲ್ಲಿ ಕೇಳಿ. ರಸೀದಿಯಲ್ಲಿ ವಾಹನ ಸಂಖ್ಯೆ ಇಲ್ಲ, ರೆಫರಲ್ ಪತ್ರ ಇಲ್ಲ ಎಂಬಂಥ ಕಾರಣವಾದರೆ ಸೇವೆ ಕೊಟ್ಟವರಿಂದ ಲೆಟರ್‌ಹೆಡ್‌ನಲ್ಲಿ ದೃಢೀಕರಣ ತಂದು ಕೊಟ್ಟರೆ ಸಾಕಾಗಬಹುದು.

ಷರತ್ತನ್ನೇ ತಪ್ಪಾಗಿ ಓದಿದ್ದಾರೆ ಎನಿಸಿದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ, ದೂರು ಸಂಖ್ಯೆ ಪಡೆಯಿರಿ. ಐಆರ್‌ಡಿಎಐನ ಬಿಮಾ ಭರೋಸಾ ತಾಣದಲ್ಲಿ ಅಥವಾ 155255ಕ್ಕೆ ಕರೆ ಮಾಡಿಯೂ ದಾಖಲಿಸಬಹುದು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನಲ್ಲಿದೆ, ಶುಲ್ಕವಿಲ್ಲ, ವಕೀಲರೂ ಬೇಡ. ಎರಡು ಸಾವಿರಕ್ಕೆ ಇಷ್ಟು ಓಡಾಡಬೇಕೇ ಎಂದರೆ, ಆಂಬ್ಯುಲೆನ್ಸ್ ಒಂದಕ್ಕಾಗಿ ಬೇಡ. ಆಸ್ಪತ್ರೆ ಬಿಲ್‌ನ ಬೇರೆ ಕಡಿತಗಳಿದ್ದರೆ ಎಲ್ಲವನ್ನೂ ಒಂದೇ ದೂರಿನಲ್ಲಿ ಸೇರಿಸಿ.

ತಕರಾರು ವಿಮೆಯದ್ದಲ್ಲ, ಆಂಬ್ಯುಲೆನ್ಸಿನವರು ಹೇಳಿದ ದರ ಒಂದು, ವಸೂಲಿ ಮಾಡಿದ್ದು ಇನ್ನೊಂದು ಎಂದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ, ಮುಂದೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಪಾವತಿಸಿದ ಮೊತ್ತ 5 ಲಕ್ಷದವರೆಗೆ ಇದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ. ಖಾಸಗಿ ಆಸ್ಪತ್ರೆಯದೇ ವಾಹನವಾಗಿದ್ದರೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುವ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೂ ಬರೆಯಬಹುದು. ಫೋನಿನಲ್ಲಿ ಒಪ್ಪಿದ ದರವನ್ನು ಹೊರಡುವ ಮೊದಲು ವಾಟ್ಸ್ಆ್ಯಪ್ ಸಂದೇಶವಾಗಿ ಕಳಿಸಿ ‘ಸರಿ’ ಎಂಬ ಉತ್ತರ ತರಿಸಿಕೊಂಡಿದ್ದರೆ, ಈ ಎಲ್ಲ ಕಡೆಯೂ ಅದೇ ನಿಮ್ಮ ಸಾಕ್ಷ್ಯ.